ಕುದುರೆ ಕಾರಿನ ಪಕ್ಕದ ಕುರ್ಚಿ

ಬಾನೆಟ್ಟಿನ ಮೇಲೆ ಒಂದು ಮೋಡ ಹೋಗುತ್ತಿದೆ, ವಿನಯ ಹಳದಿ ಬಟ್ಟೆ ಹಿಡಿದು ಅದನ್ನೇ ಒರೆಸುತ್ತಿದ್ದಾನೆ, ಒರೆಸಿದಷ್ಟೂ ಮೋಡ ಬೆಳ್ಳಗಾಗುತ್ತಿದೆ, ಸಾಕು ಬಿಡೋ ತಮ್ಮ, ಇನ್ನೂ ಹೊಳಪು ಬಂದರೆ ನನ್ನ ಕಣ್ಣು ಹೋಗುತ್ತದೆ ಎನ್ನಬೇಕು, ಮಾತು ಪೂರ್ತಿ ಸಿದ್ಧವಾಗಿ ಒಳಗೆ ನಿಂತಿದೆ, ಬಾಯಿ ತೆರೆದರೆ ಬರುವುದು ಆಯ್ತು. ಅಷ್ಟೇ, ಆಯ್ತು. ವಿನಯ ತಿರುಗಿ ನಕ್ಕ, ಚೆನ್ನಾಗಿ ಕಾಣ್ತೈತಾ ಅಣ್ಣ, ತಡೀರಿ ಇನ್ನೊಂದ್ಸಲ ಒರೆಸ್ತೀನಿ. ಒರೆಸಲಿ. ಎರಡು ವರ್ಷದ ಕೆಳಗೆ ದಾವಣಗೆರೆಯ ಒಂದು ಮದುವೆಯ ಪಂಕ್ತಿಯಲ್ಲಿ ಕೂತು ಇನ್ನಷ್ಟು ಸಾರು ಕೇಳಲು ಬಾಯಿ ತೆರೆದವನು ನಾನು, ಸಾರು ಎನ್ನುವ ಪದವೇ ಸಿಗಲಿಲ್ಲ, ಕೈಯಿಂದ ಲೋಟ ಜಾರಿತು, ಎಲೆಯ ಮೇಲೇ ಬಿದ್ದೆನಂತೆ, ಆಮೇಲೆ ಆಸ್ಪತ್ರೆ, ಬಲಗೈ ಬಲಗಾಲು ನನ್ನವಲ್ಲ ಎಂಬಂತಾದವು, ಇದ್ದಬದ್ದ ಮಾತೆಲ್ಲ ತಲೆಯೊಳಗೇ ಉಳಿದು ಹೊರಗೆ ಬರಲು ಒಂದಕ್ಕೆ ಮಾತ್ರ ದಾರಿ ಸಿಕ್ಕಿತು. ಡಾಕ್ಟರು ಪೂಜಾಳಿಗೆ ಹೇಳುತ್ತಿದ್ದರು, ನಾನು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದೆ, ಹಿಂಗಾದೋರಲ್ಲಿ ಕೆಲವ್ರಿಗೆ ಬೈಗುಳ ಮಾತ್ರ ಉಳಿತೈತಮ್ಮ, ಮನೆಗೆ ಬಂದೋರಿಗೆಲ್ಲ ಅದನ್ನೇ ಅಂತಿರ್ತಾರೆ, ನಿಮ್ಮೆಜಮಾನರದ್ದು ಪುಣ್ಯ, ಒಳ್ಳೇ ಮಾತೇ ಉಳಿದೈತೆ. ಪುಣ್ಯವಂತೆ. ಚನ್ನಗಿರಿಯ ಅಡಿಕೆ ಮಂಡಿಯಲ್ಲಿ ಇಡೀ ಜೀವಮಾನ ವ್ಯಾಪಾರ ಮುಗಿಸಿದ್ದು ಆ ಒಂದು ಪದದಿಂದ, ಎಷ್ಟು ಜಗಳವಾಡಿದರೂ ಕೊನೆಗೆ ಕೈ ಮುಂದೆ ಚಾಚಿ ಆಯ್ತು ಎನ್ನುತ್ತಿದ್ದೆ, ಅದೇ ನಾಲಿಗೆಗೆ ಅಂಟಿಕೊಂಡಿತು. ಇಲ್ಲ ಎಂದು ತಲೆ ಅಲ್ಲಾಡಿಸಲು ಹೋದರೆ ತಲೆಯೂ ಮೇಲೆ ಕೆಳಗೆ ಆಡುತ್ತದೆ, ಅದೂ ಈ ಕಾಯಿಲೆಯದೇ ಆಟ ಎಂದರು ಡಾಕ್ಟರು. ಹೋದ ವಾರ ವಿನಯ ಬಂದು ಕೇಳಿದ, ಅಣ್ಣ, ಹೊನ್ನಾಳೀಲಿ ಕಾರುಗಳ ಮೇಳ ಐತಂತೆ, ನಮ್ದು ತಗಂಡು ಹೋಗಣ್ವಾ — ಆಯ್ತು. ಅಣ್ಣಂಗೆ ಎಷ್ಟು ಖುಷಿ ನೋಡ್ರಿ ಅತ್ತಿಗೆ.

ಹೀಗೆ ಬಂದು ಕೂತಿದ್ದೇನೆ, ಹೊನ್ನಾಳಿಯ ಈ ಮೈದಾನದಲ್ಲಿ, ಕಪ್ಪು ಕಾರಿನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಬಲಗೈಯನ್ನು ತೊಡೆಯ ಮೇಲಿಟ್ಟು ಪೂಜಾ ಅದರ ಮೇಲೆ ಶಲ್ಯ ಹೊದಿಸಿದ್ದಾಳೆ, ನೋಡಿದವರಿಗೆ ಯಾರೋ ದೊಡ್ಡ ಮನುಷ್ಯ ಸನ್ಮಾನಕ್ಕೆ ಬಂದ ಹಾಗೆ ಕಾಣಬೇಕು. ಹಿಂದೆ ಜಗಳೂರಿಗೆ ಹೋಗಿದ್ದೆವು, ಅದಕ್ಕೆ ಮುಂಚೆ ದಾವಣಗೆರೆ, ಎಲ್ಲ ಕಡೆ ಇದೇ ಕುರ್ಚಿ, ಇದೇ ಬಿಸಿಲು, ಬಾಯಿ ಒಣಗಿದರೂ ನೀರು ಕುಡಿಯುವಂತಿಲ್ಲ, ಕುಡಿದರೆ ಎಬ್ಬಿಸಿ ನಡೆಸಿಕೊಂಡು ಹೋಗಬೇಕು, ಇಷ್ಟು ಜನರ ನಡುವೆ ಪೂಜಾಳ ಹೆಗಲ ಮೇಲೆ ತೂಗಿಕೊಂಡು ಕಾಲೆಳೆಯುತ್ತ ಹೋಗುವುದು ಬೇಡ ಎಂದು ಬೆಳಗಿನಿಂದ ಲೋಟ ಕೊಟ್ಟಾಗಲೆಲ್ಲ ತುಟಿ ಬಿಗಿ ಹಿಡಿದಿದ್ದೇನೆ. ಜನ ಬರುತ್ತಾರೆ, ಕಾರಿನ ಮುಂದೆ ನಿಲ್ಲುತ್ತಾರೆ, ಮೂತಿಯ ಮೇಲಿನ ಓಡುವ ಕುದುರೆಯನ್ನು ಬೆರಳಿಂದ ಮುಟ್ಟಿ ಫೋಟೊ ತೆಗೆಸಿಕೊಳ್ಳುತ್ತಾರೆ, ಆಮೇಲೆ ನನ್ನ ಕಡೆ ನೋಡುತ್ತಾರೆ, ಕಾರನ್ನು ನೋಡಿದ ಕಣ್ಣಿನಲ್ಲೇ ನೋಡುತ್ತಾರೆ, ಯಜಮಾನ್ರು ಇವ್ರೇನಾ, ಪಾಪ, ಏನಾಗೈತೆ, ಎಂದು ವಿನಯನ ಕಿವಿಯಲ್ಲಿ ಕೇಳುತ್ತಾರೆ, ವಿನಯ ಅವರಿಗೆ ಎಂಜಿನ್ನಿನ ಕಥೆಯನ್ನೂ ನನ್ನ ಕಥೆಯನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಅಣ್ಣಂಗೆ ಇದ್ರ ಮೇಲೆ ಜೀವ ರೀ, ಇಂಥ ಕಡೆ ಕರ್ಕಂಡು ಬಂದ್ರೆ ಮುಖ ಅರಳ್ತೈತೆ. ಅರಳಿದೆಯೇ, ನನಗೆ ಗೊತ್ತಾಗುವುದಿಲ್ಲ, ಮುಖದ ಅರ್ಧ ನನ್ನ ಮಾತು ಕೇಳುವುದಿಲ್ಲ. ದಣಿವಾಗಿದೆ. ಮನೆಗೆ ಹೋಗೋಣ ಎಂದು ಹೇಳಲು ಆಗದ ದಣಿವು, ಮಲಗಿ ಎದ್ದರೂ ಹೋಗದ್ದು. ಈ ಗಾಡಿ ಯಾರಿಗಾದರೂ ಹೋಗಲಿ, ಇದರ ಜೊತೆ ನನ್ನನ್ನು ತೊಳೆದು ಒರೆಸಿ ನಿಲ್ಲಿಸುವುದು ನಿಲ್ಲಲಿ — ಇದನ್ನು ಯಾರಿಗೆ ಹೇಗೆ ತಿಳಿಸುವುದು, ಅವರು ಕೇಳಿದ್ದಕ್ಕಷ್ಟೇ ನನ್ನಲ್ಲಿ ಉತ್ತರವಿದೆ, ಮತ್ತು ಇದನ್ನು ಯಾರೂ ಕೇಳುವುದಿಲ್ಲ.

ಪಕ್ಕದಲ್ಲಿ ಕೆನೆ ಬಣ್ಣದ ಹಳೇ ಕಾಂಟೆಸ್ಸಾ ಕಾರು ನಿಂತಿದೆ, ಅದರ ಯಜಮಾನರು ತಿಪ್ಪೇಶಪ್ಪನವರು, ಜಗಳೂರಿನವರು, ಪೋಸ್ಟ್ ಆಫೀಸಿನಿಂದ ನಿವೃತ್ತಿಯಾದವರು, ಜಗಳೂರಿನ ಮೇಳದಲ್ಲೂ ನನ್ನ ಪಕ್ಕವೇ ಇದ್ದರು, ನಾನು ಎದ್ದು ಹೋಗಲಾರೆ ಎಂದು ಗೊತ್ತಿರುವುದರಿಂದ ಕುರ್ಚಿ ಎಳೆದುಕೊಂಡು ಕೂತು ಬೆಳಗಿನಿಂದ ಕಾರ್ಬುರೇಟರ್ ಬಗ್ಗೆ ಹೇಳುತ್ತಿದ್ದಾರೆ. ನಿಮ್ದು ಹಳೇ ವೇಷ ಹಾಕ್ಕಂಡಿರೋ ಹೊಸ ಗಾಡಿ ಕಣ್ರೀ ಗುರುಬಸವರಾಜ್, ಬೇಜಾರ್ ಮಾಡ್ಕಬ್ಯಾಡ್ರಿ, ನಂದು ನಿಜವಾಗ್ಲೂ ಹಳೇದು, ದಿನಾ ಒಂದೊಂದು ಕಡೆ ನೋವು ಅಂತೈತೆ. ಆಯ್ತು ಎಂದೆ, ಅವರು ಖುಷಿಯಾಗಿ ಮುಂದುವರಿಸಿದರು. ಹಳೇ ವೇಷ, ಹೌದು, ಆ ವೇಷಕ್ಕೇ ತಾನೇ ನಾನು ಚಿಕ್ಕಂದಿನಲ್ಲಿ ಮರುಳಾಗಿದ್ದು, ಚನ್ನಗಿರಿಯ ಬಸ್ ಸ್ಟ್ಯಾಂಡ್ ಹಿಂದಿನ ಕಟಿಂಗ್ ಶಾಪಿನಲ್ಲಿ ಎರಡು ಕನ್ನಡಿಗಳ ನಡುವೆ ಒಂದು ಚಿತ್ರ ಅಂಟಿಸಿದ್ದರು, ಯಾವುದೋ ದೇಶದ ರಸ್ತೆ, ಅದರ ಮೇಲೆ ಕಪ್ಪು ಕಾರು, ಉದ್ದ ಮೂಗು, ನೆಗೆಯಲು ಹಿಂಗಾಲು ಊರಿದಂಥ ಬೆನ್ನು, ಅಪ್ಪ ಕಲ್ಲೇಶಪ್ಪನವರು ನನ್ನ ಕತ್ತು ಹಿಡಿದು ಬಗ್ಗಿಸುತ್ತಿದ್ದರು, ನೆಟ್ಟಗೆ ಕೂತ್ಕಳಲೇ, ಕಿವಿ ಕತ್ತರಿಸ್ತಾನೆ, ನಾನು ಬಗ್ಗಿದ ಕಣ್ಣಿನಲ್ಲೇ ಮೇಲೆ ನೋಡುತ್ತಿದ್ದೆ, ಎದುರಿನ ಕನ್ನಡಿಯಲ್ಲಿ ಒಂದು ಕಾರು, ಹಿಂದಿನ ಕನ್ನಡಿಯಲ್ಲಿ ಇನ್ನೊಂದು, ಅದರೊಳಗೆ ಮತ್ತೊಂದು. ಅಂಗಡಿ ಹೋಯಿತು, ಅಪ್ಪ ಹೋದರು, ತಲೆಕೂದಲೂ ಹೋಯಿತು, ಆಮೇಲೆ ಒಂದು ದಿನ ಬೆಂಗಳೂರಿನಲ್ಲಿ ಸಂಬಂಧಿಕರನ್ನು ಆಸ್ಪತ್ರೆಯಲ್ಲಿ ನೋಡಿ ಬರುತ್ತ ಷೋರೂಮಿನ ಗಾಜಿನ ಹಿಂದೆ ಅದೇ ಮೂಗು, ಅದೇ ಬೆನ್ನು, ಹಿಂದೆ ಸಾಲಾಗಿ ನಿಂತ ಕೆಂಪು ದೀಪಗಳು, ಮಸ್ಟಾಂಗ್ ಸರ್, ಹಳೇ ಮಾಡೆಲ್ ನೋಡಿ ಹೊಸದಾಗಿ ಮಾಡಿರೋದು ಎಂದ ಅಲ್ಲಿದ್ದವನು, ಪೂಜಾ ಹೊರಗೆ ಆಟೊದಲ್ಲಿ ಹಣ್ಣಿನ ಚೀಲ ಹಿಡಿದು ಕಾಯುತ್ತಿದ್ದಳು. ಗಾಡಿ ಮನೆಗೆ ಬಂದ ದಿನ ಅವ್ವ ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟು, ಇದೇನೋ ಗುರು, ಇಷ್ಟು ಉದ್ದದ ಗಾಡೀಲಿ ಎರಡೇ ಬಾಗ್ಲು, ನಾನು ಹೆಂಗೋ ಹತ್ತಲಿ ಎಂದರು. ಊರಿನ ರಸ್ತೆಯ ಪ್ರತಿ ಹಂಪೂ ಅದರ ಹೊಟ್ಟೆ ಕೆರೆಯಿತು. ಆದರೂ ಓಡಿಸಿದೆ, ಬೆಳಗಾಗುತ್ತಲೇ ತ್ಯಾವಣಿಗೆಯವರೆಗೆ ಹೋಗಿ ಅಲ್ಲಿ ಚಹಾ ಕುಡಿದು ಬರುತ್ತಿದ್ದೆ, ಅಂಗಡಿಯವನು ಶಬ್ದ ಕೇಳಿಯೇ ಹಾಲು ಒಲೆಯ ಮೇಲಿಡುತ್ತಿದ್ದ, ಒಬ್ಬನೇ ಹೋಗುತ್ತಿದ್ದೆ, ಪಕ್ಕದ ಸೀಟಿನಲ್ಲಿ ಶಲ್ಯ ಇರುತ್ತಿತ್ತು. ಈಗ ಪಕ್ಕದ ಸೀಟು ನನ್ನದು.

ಕಾಯಿಲೆ ಬಂದ ಮೇಲೆ ಗಾಡಿ ಮಂಡಿಯ ಗೋದಾಮಿನಲ್ಲಿ ಮೂಟೆಗಳ ಪಕ್ಕ ಟಾರ್ಪಾಲಿನ್ ಹೊದ್ದು ಮಲಗಿತ್ತು, ವಿನಯ ಒಮ್ಮೆ ತೆಗೆದು ಗೇಟಿಗೆ ತಾಗಿಸಿ ಹೆದರಿ ಒಳಗಿಟ್ಟ, ಅವನು ಒಳ್ಳೆಯವನು, ಇಡೀ ಮಂಡಿ ಅವನ ತಲೆಯ ಮೇಲೆ ಬಿತ್ತು, ರೈತರಿಗೆ ಉತ್ತರ ಅವನೇ, ಹಮಾಲರಿಗೆ ಉತ್ತರ ಅವನೇ, ನನ್ನ ಬಾಯಿ ಮಾಡುತ್ತಿದ್ದ ಕೆಲಸವನ್ನು ಅವನ ಕಾಲು ಮಾಡುತ್ತಿದೆ, ತೆಳ್ಳಗಾಗಿದ್ದಾನೆ. ಆಮೇಲೆ ಒಂದು ಮಧ್ಯಾಹ್ನ ಪೂಜಾ ನನ್ನ ಬೀರುವಿನಿಂದ ಕೀಲಿ ತೆಗೆದು ಮುಂದೆ ಹಿಡಿದಳು, ರೀ, ನಿಮ್ಮನ್ನ ವ್ಯಾಯಾಮಕ್ಕೆ ಶಿವಮೊಗ್ಗಕ್ಕೆ ಕರ್ಕಂಡು ಹೋಗಾಕೆ ಪ್ರತಿ ಸಲಾನೂ ಬಾಡಿಗೆ ಕಾರು ಯಾಕೆ, ನಾನೇ ಕಲೀಲೇನು. ಆಯ್ತು ಎಂದೆ, ಬೇಡ ಎಂದೇ ಅಂದುಕೊಂಡಿದ್ದೆ. ಮಂಡಿಯ ಖಾಲಿ ಯಾರ್ಡಿನಲ್ಲಿ ಕಲಿತಳು, ಅವ್ವನಿಗೆ ಹೇಳಲಿಲ್ಲ, ಸೀಟಿನ ಬೆನ್ನಿಗೆ ಒಂದು ದಿಂಬು ಇಟ್ಟುಕೊಂಡಳು, ಈಗ ವಾರ ವಾರ ಶಿವಮೊಗ್ಗಕ್ಕೆ ಅವಳೇ ಕರೆದುಕೊಂಡು ಹೋಗುತ್ತಾಳೆ, ದಾರಿಯುದ್ದಕ್ಕೂ ನಾನು ಕಣ್ಣು ಮುಚ್ಚಿಕೊಂಡಿರುತ್ತೇನೆ, ಬೇರೆಯವರ ಕೈಯಲ್ಲಿ ನನ್ನ ಗಾಡಿಯನ್ನು ನೋಡಲಾರೆ, ನಿದ್ದೆ ಬಂತೇನೋ ಎಂದುಕೊಂಡು ಅವಳು ಮಾತಾಡಿಸುವುದಿಲ್ಲ. ಪಾಪ, ನನಗಾಗಿ ಇಷ್ಟೆಲ್ಲ, ಎಂದುಕೊಳ್ಳುತ್ತೇನೆ. ಮೇಳಕ್ಕೂ ಅವಳೇ ಓಡಿಸುವುದು. ಆದರೆ ಮೈದಾನ ಹತ್ತಿರವಾಗುತ್ತಲೇ ಗಾಡಿ ನಿಲ್ಲಿಸುತ್ತಾಳೆ, ಹಿಂದಿನ ಸಣ್ಣ ಸೀಟಿನಲ್ಲಿ ಮೊಣಕಾಲು ಎದೆಗೊತ್ತಿಕೊಂಡು ಕೂತ ವಿನಯ ಇಳಿದು ಸ್ಟೀರಿಂಗಿಗೆ ಬರುತ್ತಾನೆ, ಜನ ಏನಂದ್ಕೋತಾರೆ ಅತ್ತಿಗೆ, ಮನೆ ಹೆಣ್ಮಗಳು ಇಷ್ಟು ದೊಡ್ಡ ಗಾಡಿ, ಸೀರೆಯುಟ್ಟು ಆ ಸಣ್ಣ ಸೀಟಿಗೆ ನುಸುಳಲಾರದ ಅವಳು ದಿಂಬು ತೆಗೆದು ಮಾತ್ರೆ ಚೀಲ ಹೆಗಲಿಗೆ ಹಾಕಿಕೊಂಡು ಹಿಂದಿನಿಂದ ನಡೆದು ಬರುತ್ತಾಳೆ. ಇವತ್ತು ಊರಾಚೆಯ ಪೆಟ್ರೋಲ್ ಬಂಕಿನ ಹತ್ತಿರ ಹಾಗೆಯೇ ಆಯಿತು, ಪಕ್ಕದ ಕನ್ನಡಿಯಲ್ಲಿ ಅವಳು ಚಿಕ್ಕದಾಗುತ್ತ ಹೋದಳು, ಸೆರಗನ್ನು ತಲೆಯ ಮೇಲೆಳೆದುಕೊಂಡು, ಬಿಸಿಲಿಗೆ.

ಅಕ್ಕ, ಒಂದು ನಿಮಿಷ ಮಾತಾಡಬೋದಾ — ಯಾರೋ ಕಾಲೇಜಿನ ಹುಡುಗಿ, ಕೊರಳಲ್ಲಿ ಮೇಳದವರ ಬಿಲ್ಲೆ, ಕೈಯಲ್ಲಿ ಫೋನು, ಹೆಸರು ಧನುಶ್ರೀ ಅಂತೆ, ನ್ಯಾಮತಿಯವಳಂತೆ, ಕಾರುಗಳ ವಿಡಿಯೊ ಮಾಡುತ್ತಾಳಂತೆ. ವಿನಯ ಬಟ್ಟೆ ಬಿಟ್ಟು ಮುಂದೆ ಬಂದ, ಕೇಳಮ್ಮ, ಏನು ಬೇಕಾದ್ರೂ ಕೇಳು, ನಾನು ಹೇಳ್ತೀನಿ. ನಿಮ್ಮನ್ನಲ್ಲ ಸರ್, ಅಕ್ಕನ್ನ. ಅಕ್ಕ, ಇದನ್ನ ಓಡ್ಸೋದು ಹೆಂಗನ್ಸುತ್ತೆ, ಸ್ವಲ್ಪ ಹೇಳಿ. ಪೂಜಾ ನನ್ನ ಶಲ್ಯ ಸರಿ ಮಾಡುತ್ತಿದ್ದಳು, ಕೈ ಅಲ್ಲೇ ನಿಂತಿತು, ಅಯ್ಯೋ ನಂಗೇನು ಗೊತ್ತಮ್ಮ, ನಮ್ಮ ಮೈದುನ ಓಡಿಸ್ತಾರೆ. ಸುಳ್ಳು ಹೇಳ್ಬೇಡಿ ಅಕ್ಕ, ನಾನು ಬಂಕಲ್ಲಿ ಸ್ಕೂಟಿಗೆ ಪೆಟ್ರೋಲ್ ಹಾಕಿಸ್ತಿದ್ದೆ, ಲಾರಿ ದಾಟಿಸ್ಕೊಂಡು ಬಂದ್ರಲ್ಲ ನೀವು, ನಾನು ನೋಡ್ದೆ. ವಿನಯ ನಕ್ಕುಬಿಟ್ಟ, ಏನೋ ರಸ್ತೆ ಖಾಲಿ ಇದ್ದಾಗ ಅಣ್ಣನ ಆಸ್ಪತ್ರೆಗೆ ಅಂತ ಒಂದೊಂದ್ಸಲ ಹಿಡೀತಾರಮ್ಮ, ಅಷ್ಟೇ. ಅಷ್ಟೇ ಎಂದಳು ಪೂಜಾ. ಹುಡುಗಿ ಹೋಗಲಿಲ್ಲ, ಕಾಂಟೆಸ್ಸಾಕ್ಕೆ ಒರಗಿ ನಿಂತಳು, ತಿಪ್ಪೇಶಪ್ಪನವರು ಅವಳಿಗೂ ಕಾರ್ಬುರೇಟರ್ ಶುರು ಮಾಡಿದರು. ಲಾರಿ ದಾಟಿಸಿದಳೇ, ಯಾವ ಲಾರಿ, ನಾನು ಕಣ್ಣು ಮುಚ್ಚಿಕೊಂಡಿದ್ದೆ, ಮೈ ಒಮ್ಮೆ ಸೀಟಿಗೆ ಒತ್ತಿದಂತಾಗಿ ಹೊಟ್ಟೆಯಲ್ಲಿ ಏನೋ ಹಗುರವಾಯಿತು, ಕನಸು ಎಂದುಕೊಂಡೆ.

ಬಿಸಿಲು ನೆತ್ತಿಗೆ ಬಂತು, ಮೈಕಿನಲ್ಲಿ ಯಾರೋ ಕೂಗುತ್ತಿದ್ದಾರೆ, ಊಟದ ವ್ಯವಸ್ಥೆ ಐತೆ, ಯಾರೂ ಹಂಗೆ ಹೋಗಬ್ಯಾಡ್ರಿ, ಪಲಾವಿನ ವಾಸನೆ, ಧೂಳು, ಎಲ್ಲೋ ಒಬ್ಬ ಜೀಪಿನ ಹಾರನ್ನು ಒತ್ತಿ ಹಿಡಿದಿದ್ದಾನೆ. ರಘುನಾಥ ಅವರು ಬಂದ್ರು ಅಣ್ಣ ಎಂದ ವಿನಯ, ನನಗೆ ಗೊತ್ತಿಲ್ಲದ ರಘುನಾಥ, ಬಿಳಿ ಅಂಗಿ, ಕಪ್ಪು ಕನ್ನಡಕ, ಶಿವಮೊಗ್ಗದಲ್ಲಿ ಲಾರಿಗಳಿವೆಯಂತೆ, ನಮಸ್ಕಾರ ಎಂದು ಕೈಮುಗಿದವರು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು, ಬಗ್ಗಿ ಹೊಟ್ಟೆ ನೋಡಿದರು, ಬಾಗಿಲು ತೆಗೆದು ವಾಸನೆ ನೋಡಿದರು, ಹೊಸದರ ವಾಸನೆ ಇನ್ನೂ ಹೋಗಿಲ್ಲ ಕಣ್ರೀ, ವಿನಯ್ ಕುಮಾರ್, ನೀವು ಫೋನಲ್ಲಿ ಹೇಳಿದ್ದಕ್ಕಿಂತ ಚೆನ್ನಾಗೈತೆ. ಫೋನಿನಲ್ಲಿ ಹೇಳಿದ್ದಾನೆ. ಹಾಗಾದರೆ ಇದು ಮೊದಲೇ ಮಾತಾಗಿದೆ, ಅದಕ್ಕೇ ಅಷ್ಟು ಒರೆಸುತ್ತಿದ್ದ. ವಿನಯ ನನ್ನ ಮುಂದೆ ಮೊಣಕಾಲೂರಿ ಕೂತ, ಅವನ ಕಣ್ಣು ಕೆಂಪಾಗಿತ್ತು, ಧೂಳಿಗೋ ನಿದ್ದೆಗೆಟ್ಟೋ, ಅಣ್ಣ, ತಪ್ಪು ತಿಳ್ಕಬ್ಯಾಡ್ರಿ, ನಿಮ್ಮನ್ನ ಹಿಂಗೆ ಬಿಸ್ಲಲ್ಲಿ ಕೂರ್ಸಿ ಜನ ಪಾಪ ಪಾಪ ಅನ್ನೋದು ನಂಗೆ ನೋಡಾಕಾಗ್ತಿಲ್ಲ, ನೀವು ಮೊದ್ಲು ಹೆಂಗಿದ್ರಿ, ಈ ಗಾಡಿ ನೋಡಿದಾಗ್ಲೆಲ್ಲ ನಿಮ್ಗೂ ಅದೇ ನೆನಪಾಗ್ತೈತೆ ಅಲ್ವಾ, ಇವ್ರು ಚೆನ್ನಾಗಿ ನೋಡ್ಕೋತಾರೆ, ನೀವು ಹೂಂ ಅಂದ್ರೆ ಮಾತ್ರ, ಇಲ್ಲಾಂದ್ರೆ ಇಲ್ಲ. ಕೊಟ್ಬಿಡಣೇನು ಅಣ್ಣ?

ಎಷ್ಟು ದಿನದಿಂದ ಕಾದಿದ್ದೆ ಈ ಪ್ರಶ್ನೆಗೆ. ಎರಡು ವರ್ಷದಲ್ಲಿ ಬೇಡವೆನ್ನಬೇಕಾದ ಕಡೆಯೆಲ್ಲ ಆಯ್ತು ಎಂದಿದ್ದೇನೆ, ಉಪ್ಪಿಲ್ಲದ ಗಂಜಿಗೆ ಆಯ್ತು, ಬಿಗಿಯಾದ ಚಪ್ಪಲಿಗೆ ಆಯ್ತು, ಮೇಳಕ್ಕೆ ಆಯ್ತು, ಈಗ ಮೊದಲ ಸಲ ಮನಸ್ಸಿನಲ್ಲಿರುವುದೂ ಬಾಯಲ್ಲಿರುವುದೂ ಒಂದೇ ಆಗಿದೆ, ತೊಗೊಂಡು ಹೋಗಲಿ, ಕುರ್ಚಿ ಮಡಿಸಲಿ, ಮನೆಯಲ್ಲಿ ಫ್ಯಾನಿನ ಕೆಳಗೆ ಗೋಡೆ ನೋಡಿಕೊಂಡು ಇರುತ್ತೇನೆ, ಯಾರೂ ನೋಡದಿದ್ದರೆ ಸಾಕು. ಬಾಯಿ ತೆರೆಯುವವನಿದ್ದೆ. ಪೂಜಾಳ ಕಡೆ ಕಣ್ಣು ಹೋಯಿತು, ಯಾಕೆ ಹೋಯಿತೋ, ಏನಂತೀರಿ ಅತ್ತಿಗೆ ಎಂದು ವಿನಯ ಕೇಳಿದ್ದಕ್ಕಿರಬೇಕು. ಅವಳು ನಿಂತಲ್ಲೇ ಒಂದು ಸಲ ಕಾರನ್ನು ನೋಡಿದಳು, ಅವ್ರ ಗಾಡಿ, ಅವ್ರಿಗೆ ಬ್ಯಾಡ ಅನ್ಸಿದ್ರೆ ಕೊಡ್ರಿ, ನಂದೇನೈತೆ ಎಂದಳು, ಧ್ವನಿಯಲ್ಲಿ ಏನೂ ಇರಲಿಲ್ಲ, ಸಂತೆಯಲ್ಲಿ ಬದನೆಕಾಯಿ ಬೇಡ ಎಂದಂತಿತ್ತು, ಎಂದವಳು ಸುಮ್ಮನೆ ಹೋಗಿ ಡ್ರೈವರ್ ಬಾಗಿಲು ತೆಗೆದು ಬಾಗಿಲ ಒಳಗಿನ ಗೂಡಿನಿಂದ ತನ್ನ ಸಾಮಾನು ತೆಗೆಯತೊಡಗಿದಳು. ಮೊದಲು ಒಂದು ಕಪ್ಪು ಕನ್ನಡಕ. ಪೂಜಾ ಕಪ್ಪು ಕನ್ನಡಕ ಹಾಕುತ್ತಾಳೆಯೇ? ಆಮೇಲೆ ಕೂದಲಿನ ಕ್ಲಿಪ್ಪು, ಸೋಂಪಿನ ಸಣ್ಣ ಡಬ್ಬಿ, ಮಡಿಸಿದ ಕರವಸ್ತ್ರ, ಆಮೇಲೆ ಸೀಟಿನ ಕೆಳಗೆ ಕೈಹಾಕಿ ಒಂದು ಜೊತೆ ಬಟ್ಟೆ ಶೂ ತೆಗೆದಳು, ನೀಲಿ ಬಣ್ಣದ್ದು, ಹಿಮ್ಮಡಿ ಸವೆದದ್ದು, ನಮ್ಮ ಮನೆಯಲ್ಲಿ ಯಾರೂ ನೋಡದ ಶೂ, ಸೀರೆಯ ಕೆಳಗೆ ಅದನ್ನು ಹಾಕಿಕೊಂಡು ಅವಳು ಈ ಗಾಡಿ ಓಡಿಸುತ್ತಿದ್ದಾಳೆ, ನಾನು ಪಕ್ಕದಲ್ಲಿ ಕಣ್ಣು ಮುಚ್ಚಿಕೊಂಡಿದ್ದೇನೆ. ಒಂದೊಂದನ್ನೇ ಮಾತ್ರೆ ಚೀಲಕ್ಕೆ ಹಾಕಿದಳು. ಶೂ ಅದರಲ್ಲಿ ಹಿಡಿಸಲಿಲ್ಲ. ಒತ್ತಿದಳು, ಹಿಡಿಸಲಿಲ್ಲ, ಕೈಯಲ್ಲೇ ಹಿಡಿದುಕೊಂಡು ನಿಂತಳು, ಎಲ್ಲಿಡುವುದೆಂದು ತಿಳಿಯದೆ.

ಬಾಯಿ ಮುಚ್ಚಿದೆ. ಪದ ಆಗಲೇ ಹಲ್ಲಿನ ಹತ್ತಿರ ಬಂದಿತ್ತು, ಒಮ್ಮೆ ಹೊರಟರೆ ಅದನ್ನು ತಡೆಯುವುದು ನನಗೆ ಗೊತ್ತಿಲ್ಲ, ಕೆಳತುಟಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದೆ, ಅಣ್ಣ, ಕೊಡಣೇನು, ಕಚ್ಚಿ ಹಿಡಿದೆ, ಅಣ್ಣ, ಕೇಳ್ತೈತಾ, ಇನ್ನೂ ಗಟ್ಟಿಯಾಗಿ. ಬಾಯೊಳಗೆ ಉಪ್ಪು ರುಚಿ. ಯಾಕೋ ಇವತ್ತು ಅಣ್ಣ ಮಾತೇ ಆಡ್ತಿಲ್ಲ, ಯಾವಾಗ್ಲೂ ಆಯ್ತು ಅಂತಾರಪ್ಪ ಎಂದ ವಿನಯ. ರಘುನಾಥ ನಕ್ಕರು, ಇರ್ಲಿ ಬಿಡ್ರಿ, ದೊಡ್ಡೋರು ಸುಮ್ಮನಿದ್ರೆ ಒಪ್ಪಿಗೆ ಅಂತಾನೇ ಅರ್ಥ, ನಮ್ಮ ಕಡೆ ಹಂಗೇ. ಹಾಗಾದರೆ ಮಾತಾಡಿದರೂ ಹೌದು, ಆಡದಿದ್ದರೂ ಹೌದು, ಯಾವ ಕಡೆಯಿಂದ ಬಂದರೂ ಅದೇ ಬಾಗಿಲು. ಅವರು ನಗುತ್ತಲೇ ಕೈ ಮುಂದೆ ಚಾಚಿದರು, ವ್ಯಾಪಾರದ ಕೈ, ನನಗೆ ಚೆನ್ನಾಗಿ ಗೊತ್ತಿರುವ ಕೈ, ವಿನಯ ಅಷ್ಟರಲ್ಲಿ ಜೇಬಿನಿಂದ ಕೀಲಿ ತೆಗೆದು ಅಂಗೈಯಲ್ಲಿಟ್ಟುಕೊಂಡಿದ್ದ, ಒಂದು ರೌಂಡು ಓಡಿಸಿ ನೋಡ್ರಿ ಸರ್ ಎನ್ನುತ್ತಿದ್ದ. ನನ್ನ ಎಡಗೈ ಎದ್ದಿತು. ರಘುನಾಥರು ತಮ್ಮ ಕೈ ಇನ್ನೂ ಹತ್ತಿರ ತಂದರು, ಎಡಗೈಯಾದರೇನು ಬಿಡ್ರಿ ಎಂದರು, ನನ್ನ ಕೈ ಅವರದನ್ನು ದಾಟಿ ವಿನಯನ ಅಂಗೈಯಿಂದ ಕೀಲಿಯನ್ನು ಬಾಚಿಕೊಂಡಿತು, ಬಾಚಿಕೊಂಡು ಮುಷ್ಟಿ ಮುಚ್ಚಿತು. ಅಣ್ಣ ಎಂದ ವಿನಯ. ಬಿಡಿಸಲು ನೋಡಿದ, ಮೆಲ್ಲಗೆ, ಬೆರಳುಗಳನ್ನು, ಬಿಡಲಿಲ್ಲ. ಮೇಲೇಳಬೇಕು, ಏಳಲಾಗುವುದಿಲ್ಲ, ಕುರ್ಚಿ ಒಂದು ಕಡೆ ವಾಲಿತು, ತಿಪ್ಪೇಶಪ್ಪನವರು ಓಡಿಬಂದು ಹಿಡಿದುಕೊಂಡರು, ಏನು ಬೇಕ್ರಿ, ನೀರಾ, ನೀರು ಬೇಕೇನ್ರಿ, ಸುತ್ತ ಜನ ಸೇರಿದರು, ಪೂಜಾ ಶೂ ಹಿಡಿದುಕೊಂಡೇ ಓಡಿಬಂದಳು, ಏನ್ರೀ, ಏನಾಯ್ತು, ಎಲ್ಲಿ ನೋಯ್ತೈತೆ. ಅವಳ ಹತ್ತಿರಕ್ಕೆ ಮುಷ್ಟಿ ಚಾಚಿದೆ. ಅವಳಿಗೆ ತಿಳಿಯಲಿಲ್ಲ. ಇನ್ನೂ ಚಾಚಿದೆ, ಭುಜ ಕಳಚಿಬರುವಷ್ಟು, ಅವಳ ಕೈಯಲ್ಲಿದ್ದ ಶೂವಿನ ಒಳಗೆ ಕೀಲಿಯನ್ನು ಬಿಟ್ಟೆ. ಲೇಸಿನ ಪಕ್ಕದಲ್ಲಿ ಕೀಲಿ ಶಬ್ದ ಮಾಡದೆ ಒಳಗೆ ಜಾರಿತು. ಆಮೇಲೆ ತುಟಿ ಬಿಟ್ಟೆ. ಆಯ್ತು ಎಂದೆ.

ಧನುಶ್ರೀ ಫೋನು ಕೆಳಗಿಳಿಸಿ, ಅಕ್ಕ, ಅವ್ರು ನಿಮ್ಗೆ ಕೊಡ್ತಿದಾರೆ ಎಂದಳು. ಗೊತ್ತಾಯ್ತು ಸುಮ್ನಿರಮ್ಮ ಎಂದಳು ಪೂಜಾ, ನನ್ನ ಮುಖ ನೋಡಲಿಲ್ಲ, ಸೆರಗಿನ ತುದಿಯಿಂದ ನನ್ನ ತುಟಿ ಒರೆಸಿದಳು, ರಕ್ತ ನೋಡಿ ಮತ್ತೊಮ್ಮೆ ಒರೆಸಿದಳು. ರಘುನಾಥರು ಒಳ್ಳೆಯ ಮನುಷ್ಯರಿರಬೇಕು, ಹೆಂಗೈತೋ ಹಂಗೇ ಇರ್ಲಿ ಬಿಡ್ರಿ ವಿನಯ್, ಗಾಡಿ ಎಲ್ಲಿ ಬೇಕಾದ್ರೂ ಸಿಗ್ತಾವೆ ಎಂದು ಊಟದ ಕಡೆ ಹೋದರು. ವಿನಯ ಮಾತ್ರ ಬಟ್ಟೆ ಹಿಂಡುತ್ತ ನಿಂತಿದ್ದ, ಒಣ ಬಟ್ಟೆಯನ್ನು, ಹಂಗಾರೆ ಮೊದ್ಲೇ ಹೇಳ್ಬೇಕಿತ್ತು ಎಂದ, ಯಾರಿಗೆ ಎಂದನೋ, ನನಗೋ ಅತ್ತಿಗೆಗೋ, ಹೇಳಿದ ಮೇಲೆ ಅವನಿಗೇ ಕೇಳಿಸಿತು ತಾನು ಹೇಳಿದ್ದು, ತಲೆ ತಗ್ಗಿಸಿದ, ನನ್ನ ಎರಡೂ ತೋಳು ಹಿಡಿದು ಎಬ್ಬಿಸಿ ಎಡಗಡೆ ಸೀಟಿನಲ್ಲಿ ಕೂರಿಸಿದ, ಕಾಲೆತ್ತಿ ಒಳಗಿಟ್ಟ, ಬೆಲ್ಟು ಹಾಕಿದ, ನಾನು ಬಸ್ಸಿಗೆ ಬರ್ತೀನಿ ಅತ್ತಿಗೆ, ಮಂಡೀಲಿ ಸ್ವಲ್ಪ ಕೆಲ್ಸ ಐತೆ. ಇವತ್ತು ಭಾನುವಾರ, ಮಂಡಿ ಇಲ್ಲ. ಹೋಗಲಿ, ಕೋಪ ಇಳಿಯಲು ಅವನಿಗೂ ಒಂದು ಬಸ್ಸು ಬೇಕು, ಕಿಟಕಿ ಪಕ್ಕ ಒಂದು ಸೀಟು ಸಿಗಲಿ.

ಅವಳು ಶೂ ಹಾಕಿಕೊಂಡಳು. ಮೈದಾನದ ಮಧ್ಯದಲ್ಲೇ, ಬಾಗಿಲು ತೆರೆದಿಟ್ಟು, ಸೀಟಿನ ಅಂಚಿಗೆ ಕೂತು, ಸೀರೆಯ ನೆರಿಗೆ ಎತ್ತಿ ಹಿಡಿದು, ನೂರಾರು ಜನ ನೋಡುತ್ತಿದ್ದರು, ಲೇಸು ಬಿಗಿದು ಗಂಟು ಹಾಕಿದಳು, ಬೆನ್ನಿಗೆ ದಿಂಬಿಟ್ಟಳು. ಎಂಜಿನ್ ಎದ್ದಾಗ ಆ ಶಬ್ದ ನನ್ನ ಬದುಕಿರುವ ಪಾದದಿಂದ ಹತ್ತಿ ಸತ್ತ ಪಾದದವರೆಗೂ ಹೋಯಿತು, ಅಲ್ಲಿಯೂ ಏನೋ ತಿಳಿಯಿತು, ಸುಳ್ಳಿರಬಹುದು. ಪಲಾವಿನ ತಟ್ಟೆ ಹಿಡಿದವರು ದಾರಿ ಬಿಟ್ಟರು. ಕಣ್ಣು ಮುಚ್ಚಿಕೊಳ್ಳಲೇ, ಅಭ್ಯಾಸ, ರೆಪ್ಪೆ ತಾನಾಗಿ ಇಳಿಯಿತು, ತೆರೆದೆ. ಚನ್ನಗಿರಿ ರಸ್ತೆಗೆ ತಿರುಗಬೇಕಾದ ಕಡೆ ಅವಳು ತಿರುಗಲಿಲ್ಲ, ಸ್ವಲ್ಪ ಹೊತ್ತು ಹಿಂಗೆ ಹೋಗಿ ಬರಣೇನ್ರಿ ಎಂದಳು, ನಾನು ಏನೂ ಹೇಳಲಿಲ್ಲ, ಹೇಳದಿದ್ದುದನ್ನು ಅವಳು ಹೇಗೆ ತೆಗೆದುಕೊಂಡಳೋ, ಗಾಡಿ ನ್ಯಾಮತಿಯ ಕಡೆಗೆ ಹೊರಟಿತು. ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಒಣಗಲು ಹರಡಿದ್ದಾರೆ, ಹೆಂಗಸರು ಕಾಲಿನಿಂದ ಸಾಲು ಎಳೆಯುತ್ತಿದ್ದಾರೆ, ಒಬ್ಬಳು ತಲೆಯೆತ್ತಿ ಸ್ಟೀರಿಂಗಿನ ಕಡೆ ನೋಡಿ ಪಕ್ಕದವಳನ್ನು ತಿವಿದಳು. ಪೂಜಾ ಕಾಳಿಗೆ ಚಕ್ರ ತಾಗದಂತೆ ಅಂಚಿನಲ್ಲಿ ತೆಗೆದಳು, ಹಂಪು ಬಂದರೆ ಓರೆಯಾಗಿ ಹತ್ತಿಸಿ ಓರೆಯಾಗಿ ಇಳಿಸಿದಳು, ಹೊಟ್ಟೆ ಕೆರೆಯಲಿಲ್ಲ, ಒಂದೂ ಕೆರೆಯಲಿಲ್ಲ, ನಾನು ನೇರವಾಗಿ ಹತ್ತಿಸುತ್ತಿದ್ದೆ. ಗೋವಿನಕೋವಿ ಬಂತು, ಅವಳ ತವರು, ನಿಲ್ಲಿಸುತ್ತಾಳೆ, ಅತ್ತೆ ಸರ್ವಮಂಗಳಮ್ಮ ಹೊರಗೆ ಬರುತ್ತಾರೆ, ಅಳುತ್ತಾರೆ, ಕುರ್ಚಿ ತರಿಸುತ್ತಾರೆ, ಎಂದು ನನ್ನ ಮೈಯೆಲ್ಲ ಮೊದಲೇ ದಣಿಯಿತು, ಅವಳು ನಿಲ್ಲಿಸಲಿಲ್ಲ, ಆ ಕಡೆ ತಿರುಗಿಯೂ ನೋಡಲಿಲ್ಲ.

ಊರು ಮುಗಿಯಿತು. ದಣಿವು ಹೋಗಿಲ್ಲ, ಹಾಗೇ ಇದೆ, ಅವಳು ಓಡಿಸಬೇಕೆಂದರೆ ಮುಂದಿನ ತಿಂಗಳು ಇನ್ಯಾವುದೋ ಊರಿನ ಮೇಳಕ್ಕೂ ನಾನು ಹೋಗಬೇಕು, ಅದು ಈಗ ಗೊತ್ತಾಗಿದೆ, ಅದೇ ಕುರ್ಚಿ, ಅದೇ ಶಲ್ಯ, ಪಾಪ ಎನ್ನುವವರು, ಬಾಯಿ ಒಣಗುವುದು, ಕೂರುತ್ತೇನೆ, ಕೂರುವುದು ನನಗೆ ಬರುತ್ತದೆ, ಬಲಗೈ ಅವಳ ಮೊಣಕೈಯ ಹತ್ತಿರ ಬಿದ್ದಿದೆ, ಅವಳ ಬಳೆ ತಾಗುತ್ತಿದೆಯೋ ಇಲ್ಲವೋ ನೋಡಿಯೇ ತಿಳಿಯಬೇಕು, ತಾಗುತ್ತಿದೆ. ಮುಂದೆ ರಸ್ತೆ ನೇರ, ಒಂದು ಕೆಂಪು ಬಸ್ಸು ಹೊಗೆ ಬಿಡುತ್ತ ಹೋಗುತ್ತಿದೆ, ಎದುರಿಗೆ ಯಾರೂ ಇಲ್ಲ, ಅವಳು ಒಮ್ಮೆ ಕನ್ನಡಿ ನೋಡಿದಳು, ಒಮ್ಮೆ ಮುಂದೆ ನೋಡಿದಳು, ನಾನು ಅವಳನ್ನು ನೋಡಿದೆ, ಅವಳ ನಾಲಿಗೆಯ ತುದಿ ಹಲ್ಲುಗಳ ನಡುವೆ ಸ್ವಲ್ಪವೇ ಹೊರಗೆ ಬಂದಿತ್ತು. ಇಷ್ಟು ವರ್ಷ ಒಂದೇ ಮನೆ, ಒಂದೇ ಪಂಕ್ತಿ, ನಾನಿದನ್ನು ನೋಡಿಯೇ ಇಲ್ಲ, ಅವಳಿಗೂ ಗೊತ್ತಿರಲಾರದು, ಸೂಜಿಗೆ ದಾರ ಪೋಣಿಸುವ ಸಣ್ಣ ಹುಡುಗಿಯ ಹಾಗೆ. ಮೈ ಸೀಟಿಗೆ ಒತ್ತಿತು, ಹೊಟ್ಟೆಯಲ್ಲಿ ಆ ಹಗುರ, ಬಸ್ಸಿನ ಕಿಟಕಿಗಳು ಒಂದೊಂದಾಗಿ ಹಿಂದೆ ಹೋದವು, ಯಾರೋ ಕೈ ಬೀಸಿದರು, ಬಸ್ಸು ಮುಗಿಯಿತು, ಖಾಲಿ ರಸ್ತೆ, ನಾಲಿಗೆಯ ತುದಿ ಇನ್ನೂ ಒಳಗೆ ಹೋಗಿಲ್ಲ. ರೀ, ಹೆದರಿಕೆ ಆಯ್ತೇನ್ರಿ ಎಂದು ಕೇಳುತ್ತಾಳೆ, ಕೇಳಲು ಅದು ಒಳಗೆ ಹೋಗುತ್ತದೆ, ಉತ್ತರಕ್ಕೆ ಕಾಯುವುದಿಲ್ಲ, ಮುಂದೆ ಒಂದು ಟ್ರ್ಯಾಕ್ಟರ್ ಇದೆ, ಕನ್ನಡಿ ನೋಡುತ್ತಾಳೆ, ಮತ್ತೆ ಬಂತು, ಹಲ್ಲುಗಳ ನಡುವೆ, ಒದ್ದೆ, ಗುಲಾಬಿ ಬಣ್ಣ, ಅಷ್ಟೇ ಅಷ್ಟು, ನಾಲಿಗೆಯ ತುದಿ —